ಕೇರಿಯ ಪಾತ್ರೆ ಇಟ್ಟುಕೊಂಡಿದ್ದ ವಕೀಲರು

ಮೊನ್ನೆ ಕಾರವಾರದ ಹೊಸ ಹೋಟೆಲೊಂದರ ಬಾಗಿಲಲ್ಲಿ ತಾಮ್ರದ ದೊಡ್ಡ ಹಂಡೆ ಕಂಡಿತು. ಒಳಗೆ ಮಣ್ಣು ತುಂಬಿ ಮನಿಪ್ಲಾಂಟ್ ಬೆಳೆಸಿದ್ದರು. ಕಂಠದ ಸುತ್ತ ಹಸಿರು ಕಿಲುಬು. ನನ್ನೊಡನೆ ಬಂದ ಕಾಲೇಜಿನ ಸಹೋದ್ಯೋಗಿಗಳು ಊಟಕ್ಕೆ ಒಳಗೆ ಹೋದರು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕರವಸ್ತ್ರ ಒದ್ದೆ ಮಾಡಿ ಹಂಡೆಯ ಅಂಚನ್ನು ತಿಕ್ಕತೊಡಗಿದೆ. ನಮ್ಮ ಕೇರಿಯ ಪಾತ್ರೆಗಳ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ತೆಂಗಿನ ಮರದ ಗುರುತು ಇತ್ತು. ಇತ್ತು ಎಂದು ನನ್ನ ನಂಬಿಕೆ. ಮೀನಿನ ಗುರುತೂ ಆಗಿದ್ದಿರಬಹುದು.

"ಸರ್, ಅದು ಮಾರೂಕಲ್ಲ. ಶೋಕ್ಕೆ ಇಟ್ಟದ್ದು," ಎಂದ ಬಾಗಿಲು ಕಾಯುವವನು.

"ಯಾರದು ಇದು?"

"ಮಾಲಕರದು. ಮತ್ಯಾರದು?"

ಗುರುತು ಸಿಗಲಿಲ್ಲ. ಅದು ಯಾವ ಊರಿನ, ಯಾವ ಮನೆಯ ಹಂಡೆಯೋ. ಆದರೆ ಆ 'ಮಾಲಕರು' ಎಂಬ ಮಾತಿನಿಂದ ಮೈಗೆ ಬೆಂಕಿ ಹಚ್ಚಿದಂತಾಯಿತು. ಊಟ ಮುಗಿಯುವವರೆಗೂ ಬೆರಳಿನಿಂದ ತಾಮ್ರದ ವಾಸನೆ ಹೋಗಲಿಲ್ಲ. ಆ ವಾಸನೆಯ ಜೊತೆಗೇ ಅಂಕೋಲೆಯ ವಕೀಲರ ನೆನಪು ಬಂದು ಎದುರಿನ ಕುರ್ಚಿಯಲ್ಲಿ ಕೂತಿತು...

ನಮ್ಮ ಕೇರಿ ಇದ್ದದ್ದು ಕಾರವಾರಕ್ಕೂ ಅಂಕೋಲೆಗೂ ನಡುವೆ, ಸಮುದ್ರದ ದಂಡೆಯಲ್ಲಿ. ಈಗ ಅಲ್ಲಿ ನೌಕಾನೆಲೆಯ ಗೋಡೆ ಇದೆ. ಊರು ಬಿಡಬೇಕೆಂಬ ನೋಟೀಸು ಬಂದಾಗ ನಮ್ಮವರಿಗೆ ಅದನ್ನು ಓದಿ ಹೇಳಿದವರು ವಕೀಲರು. ಪರಿಹಾರ ಸಾಲದೆಂದು ಕೋರ್ಟಿಗೆ ಹೋದವರು ಅವರೇ. ಫೀಸು ಎಂದು ಅವರು ತೆಗೆದುಕೊಂಡದ್ದು ಬಾಳೆಗೊನೆ, ಒಣ ಸೀಗಡಿ, ಒಮ್ಮೊಮ್ಮೆ ಅದೂ ಇಲ್ಲ. ಚಹಾವನ್ನು ಬಸಿಗೆ ಸುರಿದುಕೊಂಡು, ಕಣ್ಣು ಮುಚ್ಚಿ, ಎದುರಿಗಿದ್ದವರ ಕಷ್ಟವನ್ನು ಪೂರ್ತಿ ಕೇಳುತ್ತಿದ್ದರು. ನಡುವೆ ಬಾಯಿ ಹಾಕುತ್ತಿರಲಿಲ್ಲ. ನಾನು ಮುಂದೆ ಕಾನೂನು ಓದಲು ಧಾರವಾಡಕ್ಕೆ ಹೋದದ್ದು ಆ ಮುಚ್ಚಿದ ಕಣ್ಣುಗಳನ್ನು ನೋಡಿಯೇ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಸಿಟ್ಟಿನಲ್ಲಿ ಮರೆತರೆ ಅದೂ ಒಂದು ಸುಳ್ಳಾದೀತು.

ಕೇರಿಗೆ ಎಲ್ಲರಿಗೂ ಸೇರಿದ ಒಂದು ಸಾಮಾಯಿಕ ಆಸ್ತಿ ಇತ್ತು: ಮದುವೆಯ, ಸತ್ತವರ ಬೊಜ್ಜದ ಅಡಿಗೆಯ ಪಾತ್ರೆಗಳು. ತಾಮ್ರದ ಹಂಡೆಗಳು, ಅನ್ನ ಬೇಯಿಸುವ ದೊಡ್ಡ ತಪ್ಪಲೆ, ಹಿತ್ತಾಳೆಯ ಕೊಳಗಗಳು, ಸೌಟುಗಳು. ಯಾವ ಅಜ್ಜಂದಿರ ಕಾಲದಲ್ಲಿ ಮನೆಮನೆಯೂ ಕೂಡಿಸಿ ಕೊಂಡದ್ದೋ ಯಾರಿಗೂ ಗೊತ್ತಿರಲಿಲ್ಲ. ಒಂದು ಮನೆಯ ಅಟ್ಟದಲ್ಲಿ ಇರುತ್ತಿದ್ದವು. ಬೇಕಾದವರು ಹೋಗಿ ತರುವುದು, ಕೆಲಸ ಮುಗಿದ ಮೇಲೆ ಹುಣಿಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತಿರುಗಿ ಮುಟ್ಟಿಸುವುದು. ಆದರೆ ಒಬ್ಬರೇ ಹೋಗುವಂತಿರಲಿಲ್ಲ. ಕೇರಿಯ ಇನ್ನೊಂದು ಮನೆಯಿಂದ ಒಬ್ಬರನ್ನು ಕರೆದುಕೊಂಡೇ ಹೋಗಬೇಕು. ತರುವಾಗಲೂ ಹಾಗೆ, ಮುಟ್ಟಿಸುವಾಗಲೂ ಹಾಗೆ.

ಈ ನಿಯಮವನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ, ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಒಬ್ಬನೇ ಬಂದವನಿಗೆ ಪಾತ್ರೆ ಇಟ್ಟುಕೊಂಡ ಮನೆಯವರು 'ಇಲ್ಲ' ಎನ್ನುತ್ತಿರಲಿಲ್ಲ. ಚಾಪೆ ಹಾಸಿ ಕೂರಿಸುತ್ತಿದ್ದರು, ಚಹಾ ಕೊಡುತ್ತಿದ್ದರು, ಮೀನಿನ ಸುದ್ದಿ ಮಾತಾಡುತ್ತಿದ್ದರು. ನಡುವೆ ಒಮ್ಮೆ ಕೇಳುತ್ತಿದ್ದರು: "ಜೊತೆಗೆ ಯಾರ ಬಂದೀರಿ?" ಬಂದವನು ಚಹಾ ಕುಡಿದು ಎದ್ದು ಹೋಗುತ್ತಿದ್ದ. ಸಂಜೆಯ ಒಳಗೆ ಇನ್ನೊಬ್ಬನನ್ನು ಕರೆದುಕೊಂಡು ಬರುತ್ತಿದ್ದ.

ಕಳ್ಳತನ ಆಗಬಾರದೆಂದು ಮಾಡಿದ ಏರ್ಪಾಟು ಇದು ಎಂದು ಬಹಳ ದಿನ ತಿಳಿದಿದ್ದೆ. ಅಷ್ಟೇ ಅಲ್ಲ. ನಮ್ಮಲ್ಲಿ ಬೇಲಿಗೆ, ಕೋಳಿಗೆ, ಬಾವಿಯ ಹಗ್ಗಕ್ಕೆ ಜಗಳವಾಗಿ ಮಾತು ಬಿಟ್ಟ ಮನೆಗಳು ಯಾವಾಗಲೂ ಇರುತ್ತಿದ್ದವು. ಮದುವೆ ಗೊತ್ತಾದ ಮನೆಯವರು ಬೇಕೆಂದೇ ತಾವು ಮಾತು ಬಿಟ್ಟ ಮನೆಯ ಅಂಗಳಕ್ಕೆ ಹೋಗಿ "ಪಾತ್ರೆ ತರೂಕೆ ಬಾರಾ" ಎಂದು ಕರೆಯುತ್ತಿದ್ದರು. ಆ ಕರೆಗೆ ಇಲ್ಲವೆಂದವರನ್ನು ನಾನು ಕಂಡಿಲ್ಲ. ಕಂಡಿಲ್ಲ ಎಂದಷ್ಟೇ ಹೇಳಬಲ್ಲೆ.

ಊರು ಬಿಡುವಾಗ ಪಾತ್ರೆ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಪುನರ್ವಸತಿಯ ನಿವೇಶನಗಳಲ್ಲಿ ಆಗ ಶೆಡ್ಡುಗಳು ಮಾತ್ರ ಇದ್ದವು. ಕೆಲವರು ಅಮದಳ್ಳಿಯ ಕಡೆ, ಕೆಲವರು ಬೇಲೆಕೇರಿಯ ನೆಂಟರ ಮನೆಗೆ, ಕೆಲವರು ಮಲ್ಲಾಪುರಕ್ಕೆ ಕೂಲಿಗೆ. ವಕೀಲರೇ ಹೇಳಿದರು, "ನಮ್ಮನೆ ಅಟ್ಟ ಖಾಲಿ ಅದೆ, ಅಲ್ಲಿ ಇಡಿ. ಮನೆ ಕಟ್ಟಿದ ಮೇಲೆ ತಕಂಡು ಹೋಗಿ."

ಲಾರಿಯಲ್ಲಿ ಪಾತ್ರೆ ಏರಿಸಿ ಅಂಕೋಲೆಗೆ ಒಯ್ದ ಗಂಡಸರ ಜೊತೆ ಅಪ್ಪ ಇದ್ದ, ನಾನೂ ಇದ್ದೆ. ಹೈಸ್ಕೂಲು ಮುಗಿಸಿದ ವಯಸ್ಸು. ವಕೀಲರ ಮನೆಯ ಜಗಲಿಯಲ್ಲಿ ಎಲ್ಲರಿಗೂ ಚಹಾ ಬಂತು. ಅಪ್ಪ ಹೇಳಿದ:

"ವಕೀಲ್ರೆ, ಇದು ಒಬ್ಬಂದಲ್ಲ."

ವಕೀಲರು ಬಸಿಯಿಂದ ಚಹಾ ಹೀರಿ, ಕಣ್ಣು ತೆರೆದು, "ನಂಗೆ ಗೊತ್ತಿಲ್ವನಾ? ಒಬ್ನೇ ಬಂದ್ರೆ ಚಾ ಕೊಟ್ಟು, ಜೊತೆಗೆ ಯಾರ ಬಂದೀರಿ ಹೇಳಿ ನಾನೂ ಕೇಳ್ತೆ" ಎಂದರು. ಎಲ್ಲರೂ ನಕ್ಕರು. ಹೊರಗೆ ಮಳೆ ಹೊಯ್ಯುತ್ತಿತ್ತು. ಅಪ್ಪನ ನಗು ನನಗೆ ಈಗಲೂ ಕೇಳುತ್ತದೆ.

ಈ ನೆನಪಿನ ಮೇಲೆಯೇ ಎಲ್ಲವೂ ನಿಂತಿದೆ. ಇದೇ ಅಲ್ಲಾಡುವ ಕಂಬ.

ಕೆಲವು ವರ್ಷ ಕಳೆದವು. ಅಪ್ಪ ತೀರಿಹೋದ. ಆ ಲಾರಿಯಲ್ಲಿ ಬಂದಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋದರು. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೆ. ಅಪ್ಪನ ತಂಗಿ, ನನ್ನ ಅತ್ತೆ, ಅದೇ ಕೇರಿಯ ಇನ್ನೊಂದು ಮನೆಗೆ ಸೇರಿದವಳು. ಪುನರ್ವಸತಿಯ ಹೊಸ ಕಾಲನಿಯಲ್ಲಿ ಮೊದಲ ಮದುವೆ ಅವಳ ಮಗಳದೇ. ಕೇರಿಯ ಎಲ್ಲ ಮನೆಯವರನ್ನೂ ಒಂದೇ ಚಪ್ಪರದ ಕೆಳಗೆ ಕೂರಿಸಬೇಕು, ಕೇರಿಯ ಪಾತ್ರೆಯಲ್ಲೇ ಅನ್ನ ಬೇಯಬೇಕು ಎಂಬುದು ಅವಳ ಹಟ. ಚೆದುರಿ ಹೋದವರೆಲ್ಲ ಆ ಒಂದು ದಿನಕ್ಕಾದರೂ ಮತ್ತೆ ಕೇರಿಯವರಾಗುತ್ತಾರೆ ಎಂದು ಅವಳು ನಂಬಿದ್ದಳು. ನಾನು ರಜೆಗೆ ಬಂದಿದ್ದೆ. ಅಣ್ಣನ ಮನೆಯವನೆಂದು ನನ್ನನ್ನು ಜೊತೆಗೆ ಕರೆದುಕೊಂಡು ಅಂಕೋಲೆಗೆ ಹೊರಟಳು.

"ವಕೀಲ್ರೆ, ಮಗಳ ಮದ್ವೆ ಗೊತ್ತಾಯ್ತು. ಪಾತ್ರೆ ಬೇಕಾಗಿತ್ತು. ಜೊತೆಗೆ ಇಂವನ ಕರ್ಕಂಡು ಬಂದೀನಿ."

ವಕೀಲರು ಬಸಿಯನ್ನು ಕೆಳಗಿಟ್ಟರು. "ಪಾತ್ರೆ ಹೋಯ್ತಲ್ಲೆ ತಂಗಿ. ನಿಮ್ಮ ಟೆಂಪೋದಂವನೇ ಬಂದು ತಕಂಡು ಹೋದ."

ಟೆಂಪೋದವನು ನಮ್ಮ ಕೇರಿಯವನೇ. ಪರಿಹಾರದ ದುಡ್ಡಿನಲ್ಲಿ ಟೆಂಪೋ ಕೊಂಡು ಹುಬ್ಬಳ್ಳಿಗೆ ಮೀನು ಸಾಗಿಸುತ್ತಿದ್ದ.

"ಅಂವನ ಜೊತೆಗೆ ಯಾರ ಬಂದಿದ್ರು?" ಅತ್ತೆ ಕೇಳಿದಳು.

"ಯಾರೂ ಇಲ್ಲ. ಒಬ್ನೇ."

"ಒಬ್ನೇ ಬಂದಂವಂಗೆ ಕೊಟ್ರಿ?"

"ಕಾಲನಿಯೋರು ಕಳ್ಸಿದ್ದು ಅಂದ. ಅಂವನೂ ಮಾಲಕನೇ ಅಲ್ದೇನೆ?"

"ಚಾ ಕೊಟ್ಟು ಕಳ್ಸೂದಲ್ದಾ ವಕೀಲ್ರೆ! ನಿಮ್ಮನೇಲಿ ಚಾಪುಡಿ ತೀರಿತ್ತಾ?"

ಅವಳ ಬಾಯಿಂದ ಅಂಥ ಮಾತು ವಕೀಲರ ಮುಂದೆ ಬರುವುದೆಂದು ನಾನು ಎಣಿಸಿರಲಿಲ್ಲ. ವಕೀಲರೂ ಎಣಿಸಿರಲಿಲ್ಲ. ಅವರ ಮುಖ ಬಿಗಿಯಿತು. ಅವಳಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದರು.

"ನೀನು ಲಾ ಓದ್ತಿದ್ದೆಯಲ್ಲ ತಮಾ. ಹೇಳು ನೋಡ್ವ. ಬಹಳ ಜನ ಸೇರಿ ಒಬ್ಬನ ಹತ್ರ ವಸ್ತು ಇಟ್ರೆ, ಅಂವ ಯಾರಿಗೆ ತಿರುಗಿ ಕೊಡಬಹುದು?"

ಅದನ್ನು ನಾನು ಹಿಂದಿನ ಪರೀಕ್ಷೆಗೆ ಓದಿದ್ದೆ. ಇನ್ನೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನು, ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ವಸ್ತುವನ್ನು ಎಷ್ಟು ಎಚ್ಚರದಿಂದ ನೋಡಿಕೊಳ್ಳುವನೋ ಅಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. ಕೂಲಿ ಇಲ್ಲದೆ ಇಟ್ಟುಕೊಂಡರೂ ಅಷ್ಟೇ. ಕೆಲಸ ಮುಗಿದಾಗ ತಿರುಗಿ ಕೊಡಬೇಕು. ಇಟ್ಟವರು ಹಲವರಾಗಿದ್ದರೆ ಅವರಲ್ಲಿ ಒಬ್ಬನಿಗೆ ಕೊಟ್ಟರೂ ಅವನ ಹೊಣೆ ತೀರಿತು. ಬೇರೆ ಕರಾರು ಇಲ್ಲದಿದ್ದರೆ.

ಗಿಣಿಯಂತೆ ಒಪ್ಪಿಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದಳು.

"ಬೇರೆ ಕರಾರು ಇತ್ತನಾ?" ವಕೀಲರು ಕೇಳಿದರು.

"ಇತ್ತು. ಒಬ್ನೇ ಬಂದ್ರೆ ಕೊಡೂದಿಲ್ಲ ಹೇಳಿ ನೀವೇ ಹೇಳಿದ್ರಿ. ಈ ಜಗಲಿ ಮೇಲೇ."

"ಯಾರ ಕೇಳಿದ್ದು?"

"ಅಪ್ಪ ಇದ್ದ. ನಾನಿದ್ದೆ."

"ನಿನ್ನಪ್ಪ ಈಗ ಇಲ್ಲ, ಪಾಪ. ನಿನ್ನೇ ಕೇಳ್ವ. ಆ ದಿನ ಮಳೆನಾ ಬಿಸಿಲಾ?"

"ಮಳೆ."

"ಜೋರು?"

"ಜೋರು."

"ಮಳೆಗಾಲ ಹಿಡಿಯೂಕೆ ಮೊದ್ಲೇ ಊರು ಖಾಲಿ ಮಾಡಿದ್ರು ತಮಾ. ಲಾರಿ ಬಂದದ್ದು ವೈಶಾಖದ ಬಿಸಿಲಲ್ಲಿ. ನೀನು ಎಲ್ಲಿ ಮಳೆ ಕಂಡೆ?"

ನಾನು ಅಂಗಳದ ಕಡೆ ನೋಡಿದೆ. ವಕೀಲರು ನಕ್ಕರು. ಕೋರ್ಟಿನಲ್ಲಿ ಎದುರು ಪಾರ್ಟಿಯ ಸಾಕ್ಷಿ ತಡವರಿಸಿದಾಗ ನಗುವ ನಗು ಅದು. "ಮಳೆ ಇಲ್ಲದಲ್ಲಿ ಮಳೆ ಕಂಡಂವ, ನಾ ಹೇಳದ್ದನ್ನೂ ಕೇಳಿರಬಹುದು," ಎಂದರು. ಆಮೇಲೆ ನನ್ನ ಭುಜ ತಟ್ಟಿ, "ಚೊಲೋ ಓದು" ಎಂದು ಹರಸಿದರು.

ಆ ಭುಜ ತಟ್ಟಿದ ಕೈಯನ್ನು ನಾನು ಕ್ಷಮಿಸಿಲ್ಲ.

ಟೆಂಪೋದವನನ್ನು ಕೇಳಿದಾಗ ಮೊದಲು ಕಲಾಯಿ ಹಾಕಿಸಲು ಒಯ್ದೆ ಎಂದ. ಆಮೇಲೆ ಕಾಲನಿಯಲ್ಲಿ ಸಭಾಭವನ ಕಟ್ಟಿದ ಮೇಲೆ ತಂದಿಡುತ್ತೇನೆ ಎಂದ. ಕೊನೆಗೆ ಟೆಂಪೋ ಸಮೇತ ಊರು ಬಿಟ್ಟ. ಪಾತ್ರೆಗಳು ಘಟ್ಟ ಹತ್ತಿ ಹುಬ್ಬಳ್ಳಿಯ ಗುಜರಿಗೆ ಹೋದವು ಎಂಬುದು ಎಲ್ಲರೂ ಹೇಳುವ ಮಾತು. ನೋಡಿದವರಿಲ್ಲ. ಆ ವರ್ಷ ವಕೀಲರು ಚುನಾವಣೆಗೆ ನಿಂತಿದ್ದರು, ಅದೇ ಟೆಂಪೋ ಮೈಕು ಕಟ್ಟಿಕೊಂಡು ಅವರ ಪ್ರಚಾರಕ್ಕೆ ಓಡಾಡಿತ್ತು. ಇದನ್ನು ನೋಡಿದವರು ಬೇಕಾದಷ್ಟು. ಇವೆರಡನ್ನು ಜೋಡಿಸಲು ನನ್ನಲ್ಲಿ ಪುರಾವೆ ಇಲ್ಲ. ಜೋಡಿಸದೆ ಇರಲೂ ನನ್ನಿಂದ ಆಗಿಲ್ಲ.

ಅತ್ತೆ ಪೊಲೀಸರಿಗೆ ದೂರು ಕೊಡೋಣ ಎಂದಳು. ಕಾಲನಿಯವರು ಒಪ್ಪಲಿಲ್ಲ. "ಅವ್ರಿಲ್ದಿದ್ರೆ ನಮ್ಗೆ ಪರಿಹಾರ ಎಲ್ಲಿತ್ತಾ? ಅಂಥವ್ರ ಮೇಲೆ ಕಂಪ್ಲೇಂಟನಾ?" ಎಂದು ಕೆಲವರು. "ಇವ್ಳಿಗೆ ಮೆರೂಕೆ ಪಾತ್ರೆ ಬೇಕಾಗಿತ್ತು" ಎಂದು ಇನ್ನು ಕೆಲವರು. ಟೆಂಪೋದವನ ದಾಯಾದಿಗಳು ಒಂದು ಕಡೆ, ಉಳಿದವರು ಒಂದು ಕಡೆ. ಮದುವೆಗೆ ಶಾಮಿಯಾನದವರಿಂದ ಬಾಡಿಗೆಯ ಪಾತ್ರೆ ಬಂತು. ಚಪ್ಪರದಲ್ಲಿ ಕೇರಿಯ ಅರ್ಧ ಮನೆಗಳೂ ಇರಲಿಲ್ಲ. ಮಗಳನ್ನು ಕಳಿಸಿಕೊಡುವಾಗ ಅತ್ತೆ ಅತ್ತದ್ದು ಯಾವುದಕ್ಕೆ ಎಂದು ಯಾರೂ ಕೇಳಲಿಲ್ಲ.

ನಾನು ಕಾನೂನು ಮುಗಿಸಿದೆ, ವಕೀಲಿ ಮಾಡಲಿಲ್ಲ. ಒಂದಿಷ್ಟು ದಿನ ಪತ್ರಿಕೆ, ಒಂದಿಷ್ಟು ದಿನ ಮಲ್ಲಾಪುರದಲ್ಲಿ ಪಾಠ, ಈಗ ಕಾರವಾರದ ಕಾಲೇಜು. ಎಲ್ಲಿಯೂ ಕಾಲು ನಿಂತಿಲ್ಲ. ಎಲ್ಲವನ್ನೂ ಸಂಶಯದಿಂದ ನೋಡುವವನು ಎಂದು ವಿದ್ಯಾರ್ಥಿಗಳು ಹೇಳುತ್ತಾರೆ, ವಿಶ್ವವಿದ್ಯಾಲಯ ಕಲಿಸಿದ್ದು ಎಂದುಕೊಳ್ಳುತ್ತಾರೆ. ಧಾರವಾಡದ ಯಾವ ಪ್ರೊಫೆಸರರೂ ಅದನ್ನು ಕಲಿಸಲಿಲ್ಲ. ಅಂಕೋಲೆಯ ಒಂದು ಜಗಲಿಯಲ್ಲಿ ಒಂದು ಚಹಾ ಆರುವಷ್ಟರಲ್ಲಿ ಕಲಿತದ್ದು. ಆಮೇಲೆ ಅಪ್ಪನ ನಗುವನ್ನು ನೆನೆಸಿಕೊಂಡಾಗಲೆಲ್ಲ ಅದರ ಹಿಂದೆ ಮಳೆಯ ಸದ್ದು ಬರುತ್ತಿತ್ತು. ಮಳೆ ಸುಳ್ಳಾದರೆ ನಗುವೂ ಸುಳ್ಳೇ? ಅಪ್ಪನನ್ನು ನೆನೆಯುವುದನ್ನೇ ನಾನು ಕಡಿಮೆ ಮಾಡಿದೆ...

ವಕೀಲರು ಹೋದ ವರ್ಷ ತೀರಿಕೊಂಡರು. ಶೋಕಸಭೆಯಲ್ಲಿ 'ಬಡವರ ಪಾಲಿನ ನ್ಯಾಯ' ಎಂದರಂತೆ. ನಾನು ಹೋಗಿರಲಿಲ್ಲ.

ಹೋಟೆಲಿನ ಹಂಡೆ ಕಂಡ ಮರುದಿನ ರಜೆ ಇತ್ತು. ಏನು ಹುಡುಕಲೆಂದು ಗೊತ್ತಿಲ್ಲದೆ ಬಸ್ಸು ಹತ್ತಿ ಅಂಕೋಲೆಗೆ ಹೋದೆ. ವಕೀಲರ ಮಗಳು ಮನೆ ಮಾರಲೆಂದು ಬಂದು ಸಾಮಾನು ಕಟ್ಟುತ್ತಿದ್ದಳು. ಹೆಸರು, ಕೇರಿ ಹೇಳಿದೆ. ಅವಳು ಗಲಿಬಿಲಿಗೊಂಡಳು. ಜಗಲಿಯಲ್ಲಿ ಕೂರಿಸಿ ಚಹಾ ತಂದಳು. ಊರಿನ ಸೆಕೆಯ ಬಗ್ಗೆ, ಬಂಗಡೆಯ ರೇಟಿನ ಬಗ್ಗೆ ಮಾತಾಡಿದಳು. ಆಮೇಲೆ ಸೆರಗಿನ ತುದಿ ತಿರುವುತ್ತ ಕೇಳಿದಳು:

"ಜೊತೆಗೆ ಯಾರ ಬಂದೀರಿ?"

ಲೋಟ ಕೆಳಗಿಟ್ಟೆ. "ಈ ಮಾತು ನಿಮಗೆ ಯಾರು ಹೇಳಿಕೊಟ್ಟರು?"

"ಅಪ್ಪ. ಆ ಕೇರಿಯೋರು ಯಾರಾದ್ರೂ ಬಂದ್ರೆ ಮೊದ್ಲು ಚಾ ಕೊಡು, ಆಮೇಲೆ ಇದನ್ನ ಕೇಳು, ಎರಡು ಮನೆಯೋರು ಬಂದ್ರೆ ಮಾತ್ರ ಕೊಡು ಅಂದಿದ್ರು. ಎಂತಕೆ ಅಂದ್ರೆ ಹೇಳ್ಲಿಲ್ಲ."

"ಏನು ಕೊಡಬೇಕು?"

ಒಳಗೆ ಕರೆದೊಯ್ದು ತೋರಿಸಿದಳು. ದೊಡ್ಡ ತಪ್ಪಲೆಯ ತಾಮ್ರದ ಮುಚ್ಚಳ. ಟೆಂಪೋದವನು ಅವಸರದಲ್ಲಿ ಅಟ್ಟದ ಮೂಲೆಯಲ್ಲಿ ಬಿಟ್ಟು ಹೋದದ್ದಂತೆ. ಅದರ ಮೇಲೆ ಕಿಲುಬಿನ ಒಂದು ಕಲೆ ಇರಲಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪ್ರತಿ ಗೌರಿ ಹಬ್ಬಕ್ಕೆ ಮೊದಲು ವಕೀಲರು ತಾವೇ ಕೂತು ಹುಣಿಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರಂತೆ. ಕೈ ನಡುಗತೊಡಗಿದ ಮೇಲೂ ಬೇರೆಯವರಿಗೆ ಮುಟ್ಟಲು ಕೊಡುತ್ತಿರಲಿಲ್ಲವಂತೆ.

ಅವರಿಗೆ ಗೊತ್ತಿತ್ತು. ನಾನು ಕೇಳಿದ್ದನ್ನೇ ಅವರು ಹೇಳಿದ್ದರು, ನಾನು ಹೇಳಿದ್ದೆಲ್ಲ ಅವರಿಗೆ ನೆನಪಿತ್ತು. ನೆನಪಿಟ್ಟುಕೊಂಡೇ ನನ್ನ ನೆನಪನ್ನು ಮುರಿದರು. ಇಡೀ ಕೇರಿಯ ಪಾತ್ರೆಯನ್ನು ಕೈಬಿಟ್ಟವರು ಒಂದು ಮುಚ್ಚಳಕ್ಕೆ ಕಾನೂನು ಕೇಳುವುದಕ್ಕಿಂತ ಹೆಚ್ಚಿನ ಎಚ್ಚರ ತೋರಿಸಿದರು! ಅಂಕೋಲೆಗೂ ಕಾಲನಿಗೂ ಎಷ್ಟು ದೂರ? ಒಂದು ದಿನ ಬಸ್ಸು ಹತ್ತಿ ಬಂದು ಅತ್ತೆಯ ಅಂಗಳದಲ್ಲಿ ನಿಂತು 'ತಪ್ಪಾಯ್ತು ತಂಗಿ' ಎಂದಿದ್ದರೆ ಸಾಕಿತ್ತು. ಹುಣಿಸೆಹಣ್ಣು ಹಿಡಿದು ಕೂತರು. ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ, ಹೆಚ್ಚಾಯಿತು. ಆ ನಡುಗುವ ಕೈಯನ್ನು ಯೋಚಿಸಿದಾಗ ಇನ್ನೂ ಹೆಚ್ಚಾಯಿತು.

"ನೀವು ತಕಂಡು ಹೋಗ್ತ್ರಾ? ನಂಗೂ ಮನೆ ಖಾಲಿ ಮಾಡ್ಬೇಕು," ಎಂದಳು ಮಗಳು.

"ಬೇಡ. ಒಬ್ಬನೇ ಬಂದಿದ್ದೇನೆ," ಎಂದೆ.

ಅಲ್ಲಿಂದ ನೇರ ಕಾಲನಿಗೆ, ಅತ್ತೆಯ ಮನೆಗೆ ಹೋದೆ. ಅವಳಿಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಎಲೆಗೆ ಸುಣ್ಣ ಸವರುತ್ತ ಕೇಳಿದಳು.

"ಅತ್ತೆ, ಅವರಿಗೆ ಗೊತ್ತಿತ್ತು."

"ಅದು ನಂಗೆ ಅವತ್ತೇ ಗೊತ್ತಿತ್ತು. ನಿಂಗೆ ಈಗ ಗೊತ್ತಾಯ್ತು, ಅಷ್ಟೇಯ. ಇಷ್ಟು ಓದ್ಕಂಡು ಎಂತ ಮಾಡ್ದೆ ತಮಾ?"

"ಗೊತ್ತಿದ್ದರೆ ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳ್ಲಿಲ್ಲ. ನಿಂಗೆ ಮಳೆದೇ ಚಿಂತೆ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನಾಳೆ ಜೊತೆಗೆ ಬಾ, ರಿಕ್ಷಾ ಮಾಡಿಕೊಂಡು ಹೋಗಿ ಮುಚ್ಚಳ ತರೋಣ ಎಂದೆ.

"ಬರೂದಿಲ್ಲ," ಎಂದಳು. "ಆ ಮನೆ ಮೆಟ್ಟಲು ಹತ್ತೂದಿಲ್ಲ ಹೇಳಿ ಅವತ್ತೇ ಇಳಿದು ಬಂದೀನಿ. ಮುಚ್ಚಳ ತಂದು ಎಂತದ್ರ ಮೇಲೆ ಇಡೂದಾ? ಅಲ್ಲೇ ಇರ್ಲಿ."

ಉಳಿದ ಮನೆಗಳಿಗೆ ಫೋನು ಮಾಡತೊಡಗಿದೆ. ಬೇಲೆಕೇರಿಯಲ್ಲಿರುವವನು, "ಈಗ ಮದ್ವೆ ಎಲ್ಲಾ ಕಲ್ಯಾಣ ಮಂಟಪದಲ್ಲಿ, ಕೇಟರಿಂಗಿನೋರೇ ಪಾತ್ರೆ ತರ್ತ್ರು, ನಿಂಗೆ ಬೇಕಾದ್ರೆ ನೀನೇ ಇಟ್ಕಣಾ" ಎಂದ. ಮಲ್ಲಾಪುರದವನು ಡ್ಯೂಟಿಯಲ್ಲಿದ್ದ. "ವಿಡಿಯೋ ಕಾಲ್ ಮಾಡಾ, ಇಲ್ಲಿಂದ್ಲೇ ಹೂಂ ಅಂತೆ, ಮುಗೀತಲ್ಲ" ಎಂದು ನಕ್ಕ. ಇನ್ನೊಂದು ಮನೆಯ ಸೊಸೆಗೆ ನಾನು ಯಾವ ಕೇರಿಯ ವಿಷಯ ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ. ಅವಳು ಬಂದದ್ದು ಕಾಲನಿಗೆ, ಕೇರಿಗಲ್ಲ. ಅವಳ ಮೇಲೆ ಸಿಟ್ಟು ಮಾಡಲು ನನಗೇನು ಹಕ್ಕು? ಆದರೂ ಮಾಡಿದೆ.

ವಕೀಲರ ಮಗಳು ಎರಡು ಸಲ ಫೋನು ಮಾಡಿದ್ದಾಳೆ. ಮನೆಯ ರಿಜಿಸ್ಟ್ರೇಶನ್ ಹತ್ತಿರ ಬಂದಿದೆಯಂತೆ. "ನೀವು ಒಬ್ರೇ ಬನ್ನಿ, ಪರವಾಗಿಲ್ಲ, ನಾನು ಕೊಡ್ತೆ. ನೀವೂ ಆ ಕೇರಿಯೋರೇ ಅಲ್ವಾ?" ಎಂದಳು. ಒಳ್ಳೆಯ ಹೆಣ್ಣುಮಗಳು. ತನ್ನಪ್ಪ ಮಾಡಿದ್ದನ್ನೇ ತಾನೂ ಮಾಡಹೊರಟಿದ್ದೇನೆಂದು ಅವಳಿಗೆ ಗೊತ್ತಿಲ್ಲ. ಕಾನೂನಿನಲ್ಲಿ ಅವಳದೇನೂ ತಪ್ಪಿಲ್ಲ. ನಾನು ಸಹಿ ಹಾಕಿ ತಂದರೆ ನನ್ನದೂ ತಪ್ಪಿಲ್ಲ.

"ಬರುತ್ತೇನೆ, ಸ್ವಲ್ಪ ತಡೆಯಿರಿ," ಎಂದು ಹೇಳಿ ಫೋನು ಇಟ್ಟೆ. ಕೇರಿಯ ಇನ್ನೊಂದು ಮನೆಯಿಂದ ಒಬ್ಬರು ಸಿಕ್ಕರೆ ಸಾಕು, ಕಾಲೇಜಿಗೆ ರಜೆ ಹಾಕಿ ಅಂದೇ ಹೊರಡುತ್ತೇನೆ. ಕೇಳುತ್ತಲೇ ಇದ್ದೇನೆ...